ಮಂಡಿಯ ಚಿಕಿತ್ಸೆಯೂ ಆಶೆಯ ಪ್ರಮಾಣವೂ

ಬೆಂಗಳೂರಿನ ಮೆಟ್ರೋ ರೈಲು ಬಹುಪಾಲು ನೆಲದಿಂದ ಎತ್ತರಿಸಿದ ಸೇತುವೆಯ ಮೇಲೆ ಓಡತಕ್ಕದ್ದು. ಅದು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಮುಟ್ಟಿತು. ಈ ಮೂರು ಕಡೆಗಳಲ್ಲಿ ಯಾವುದಾದರೊಂದು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಕಾಲುಗಂಟೆ ನಿಂತು ನೋಡಿದವರಿಗೆ ಒಂದು ಸಂಗತಿ ಕಾಣದೆ ಇರದು. ಕಿರಿಯರು ಮೆಟ್ಟಿಲನ್ನು ನೋಡದೆಯೇ ಹತ್ತಿಹೋಗುವರು. ಅರುವತ್ತು ದಾಟಿದವರು ಮೊದಲು ಮೆಟ್ಟಿಲನ್ನು ನೋಡಿ, ಆಮೇಲೆ ಲಿಫ್ಟು ಎಲ್ಲಿದೆಯೆಂದು ನೋಡಿ, ಅದರ ಮುಂದೆ ಜನರ ಸಾಲಿದ್ದರೆ ಕಂಬಿಯನ್ನು ಹಿಡಿದು, ಒಂದು ಕಾಲನ್ನು ಮೇಲಿಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು, ಹಾಗೆಯೇ ಒಂದೊಂದಾಗಿ ಏರುವರು.

ಇವರಲ್ಲಿ ಅನೇಕರು ಆ ಸ್ಥಳದವರಲ್ಲ. ವೈಟ್‌ಫೀಲ್ಡ್ 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ವಸತಿಗೆಂದು ಕೊಟ್ಟ ಭೂಮಿಯಲ್ಲಿ ಹುಟ್ಟಿದ ಊರು. ಎಲೆಕ್ಟ್ರಾನಿಕ್ ಸಿಟಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಎಂಬ ಗ್ರಾಮಗಳ ಹೊಲಗಳಲ್ಲಿ 1970ರ ದಶಕದ ಕೊನೆಯಲ್ಲಿ ಎದ್ದದ್ದು. ಈಗ ಅಲ್ಲಿ ಗಣಕಯಂತ್ರದ ಉದ್ಯೋಗಗಳಲ್ಲಿರುವ ಮಕ್ಕಳು ತುಮಕೂರು, ಹಾಸನ, ಮಂಡ್ಯ, ಧಾರವಾಡಗಳ ಕಡೆಯಿಂದ ತಂದೆತಾಯಿಗಳನ್ನು ಕರೆತಂದು ಬಹುಮಹಡಿಯ ಮನೆಗಳಲ್ಲಿ ಇರಿಸಿಕೊಂಡಿರುವರು. ಹಿತ್ತಲು, ಜಗಲಿ, ಬಾವಿಕಟ್ಟೆಗಳ ನಡುವೆ ಅರ್ಧ ಶತಮಾನ ನಡೆದಾಡಿದ ಮಂಡಿಗಳು ಒಂಬತ್ತನೆಯ ಅಂತಸ್ತಿನಲ್ಲಿ ಬಂದು ಸೇರಿದ ಮೇಲೆ ತಮ್ಮ ಇರವನ್ನು ತಿಳಿಸತೊಡಗುತ್ತವೆ. ಅಂಥ ಮನೆಗಳಲ್ಲಿ ಈಚೆಗೆ ಕೇಳಿಬರುವ ಮಾತು, “ಮಂಡಿ ಬದಲಾಯಿಸಿಬಿಡೋಣ” ಎಂಬುದು. ಅದರಲ್ಲಿಯೂ ಮಂಡಿಯನ್ನು ಪೂರ್ತಿ ಬದಲಿಸದೆ ಸವೆದ ಒಂದು ಭಾಗವನ್ನು ಮಾತ್ರ ಬದಲಿಸುವ ಚಿಕಿತ್ಸೆಯೊಂದಿದೆಯೆಂದು ವೈದ್ಯರು ಹೇಳಿದಾಗ ಮನೆಯವರಿಗೆ ಇನ್ನಷ್ಟು ಧೈರ್ಯ ಬರುತ್ತದೆ. ಕೊಯ್ಯುವುದು ಕಡಮೆ, ನೋವು ಕಡಮೆ, ಬೇಗ ಮನೆಗೆ ಬರಬಹುದು, ಆಮೇಲೆ ಎಲ್ಲವೂ ಮೊದಲಿನ ಹಾಗೆ.

ಈ “ಮೊದಲಿನ ಹಾಗೆ” ಎಂಬ ಎರಡು ಮಾತುಗಳಲ್ಲಿಯೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆಯೆಲ್ಲ ಅಡಗಿದೆ. ಯಾವ ಮೊದಲು? ಒಂದು ಮನೆಯನ್ನು ನಿದರ್ಶನಕ್ಕೆ ಇಟ್ಟುಕೊಳ್ಳಬಹುದು. ಅದು ಯಾವುದೋ ಒಂದೇ ಮನೆಯಲ್ಲ, ಅಂಥವು ಹಲವು ಇವೆ. ಚಿಕ್ಕನಾಯಕನಹಳ್ಳಿಯ ಸೀಮೆಯಿಂದ ಬಂದ ಅರುವತ್ತೇಳು ವರ್ಷದ ತಾಯಿ. ಕಾಡುಗೋಡಿಯ ಬಳಿ ಮಗನ ಮನೆ. ಮಗನು “ಮೊದಲಿನ ಹಾಗೆ” ಎಂದಾಗ ಅವನ ಕಣ್ಣ ಮುಂದೆ ಇರುವವಳು ತನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಜಾತ್ರೆಗೆ ನಡೆದ ಮೂವತ್ತರ ತಾಯಿ. ಸೊಸೆಯ ಮನಸ್ಸಿನಲ್ಲಿರುವುದು ಎರಡು ವರ್ಷದ ಹಿಂದೆ ಮೊಮ್ಮಗುವನ್ನು ಶಾಲೆಯ ವಾಹನದವರೆಗೆ ಬಿಟ್ಟುಬರುತ್ತಿದ್ದ ಅತ್ತೆ. ತಾಯಿಯ ಮನಸ್ಸಿನಲ್ಲಿರುವುದು ಬೇರೆ: ಕೆಳಗೆ ಕುಳಿತು ಹೊಸ್ತಿಲಿಗೆ ರಂಗೋಲಿ ಎಳೆಯುವುದು, ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು ಊಟಮಾಡುವುದು. ಕುರ್ಚಿಯ ಮೇಲೆ ಕುಳಿತು ಪೂಜೆ ಮಾಡುವುದು ಅವಳಿಗೆ ಅರ್ಧ ಪೂಜೆ. ವೈದ್ಯನ ಮನಸ್ಸಿನಲ್ಲಿರುವ “ಮೊದಲು” ನಾಲ್ಕನೆಯದು. ರಾತ್ರಿ ಮಲಗಿದಾಗಲೂ ನೋವು ಬಿಡದ ಸ್ಥಿತಿಗೆ ಮೊದಲು ಎಂದಷ್ಟೇ ಅವನು ಎಣಿಸಿರುವನು. ನಾಲ್ವರೂ ಒಂದೇ ಮಾತನ್ನು ಆಡಿ, ನಾಲ್ಕು ಬೇರೆ ಬೇರೆ ಒಪ್ಪಂದಗಳಿಗೆ ತಲೆದೂಗಿ, ಒಂದೇ ಕಾಗದಕ್ಕೆ ರುಜು ಹಾಕುವರು.

ಚಿಕಿತ್ಸೆಯ ಸ್ವರೂಪವನ್ನು ತಿಳಿಯದೆ ಆಶೆಯ ಪ್ರಮಾಣವನ್ನು ಹೇಳಲಾಗದು. ಮಂಡಿಯನ್ನು ಮೂರು ಅಂಕಣದ ಮನೆಯೆಂದು ಭಾವಿಸಬಹುದು. ಇನ್ನೊಂದು ಕಾಲಿನ ಕಡೆಗಿರುವ ಒಳ ಅಂಕಣ, ಹೊರಮಗ್ಗುಲ ಅಂಕಣ, ಮಂಡಿಚಿಪ್ಪಿನ ಕೆಳಗಿರುವ ಮುಂದಿನ ಅಂಕಣ. ಮೂಳೆಯ ತುದಿಗಳಿಗೆ ಹೊದಿಸಿರುವ ನುಣುಪಾದ ಮೃದ್ವಸ್ಥಿ ವಯಸ್ಸಿನಿಂದಲೂ ಭಾರದಿಂದಲೂ ಸವೆಯುತ್ತದೆ; ಸಾಮಾನ್ಯವಾಗಿ ಒಳ ಅಂಕಣವೇ ಮೊದಲು ಸವೆದು, ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ನಡುವೆ ಅಡ್ಡಹಾಯ್ದು ಮಂಡಿಯನ್ನು ಹಿಡಿದಿರುವ ಕಟ್ಟುಗಳು ಗಟ್ಟಿಯಾಗಿದ್ದು, ಹೊರ ಅಂಕಣದ ಹೊದಿಕೆ ನೆಟ್ಟಗಿದ್ದು, ಬಾಗಿದ ಕಾಲನ್ನು ಕೈಯಿಂದ ಒತ್ತಿದರೆ ನೇರವಾಗುವಂತಿದ್ದರೆ, ಸವೆದ ಅಂಕಣವನ್ನು ಮಾತ್ರ ದುರಸ್ತು ಮಾಡಬಹುದು. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಒಂದೊಂದು ಲೋಹದ ಹೊದಿಕೆ, ಅವೆರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಉಳಿದುದೆಲ್ಲ ಹುಟ್ಟಿನಿಂದ ಬಂದುದೇ. ಆಮವಾತದಿಂದ ಇಡೀ ಸಂಧಿಯೇ ಕೆಟ್ಟವರಿಗೂ, ಮೂರು ಅಂಕಣಗಳೂ ಸವೆದ ಮೇಲೆ ಬಂದವರಿಗೂ ಇದು ಸಲ್ಲದು. ನೋವನ್ನು ಹಣೆಬರಹವೆಂದು ಹತ್ತು ವರ್ಷ ನುಂಗಿಕೊಂಡು ಆಮೇಲೆ ಆಸ್ಪತ್ರೆಗೆ ಬರುವ ವಾಡಿಕೆಯವರಿಗೆ ಈ ಕಡೆಯ ಮಾತು ಮುಖ್ಯವಾದದ್ದು.

ಅಮೆರಿಕದ ಲಿಯೊನಾರ್ಡ್ ಮಾರ್ಮರ್ ಎಂಬ ಶಸ್ತ್ರವೈದ್ಯನು 1970ರ ದಶಕದಲ್ಲಿ ಈ ಬಗೆಯ ಬಿಡಿಭಾಗಗಳನ್ನು ರೂಢಿಗೆ ತಂದವರಲ್ಲಿ ಒಬ್ಬ. ಅದೇ ಕಾಲದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಗುಡ್‌ಫೆಲೋ ಎಂಬ ವೈದ್ಯನೂ ಓಕಾನರ್ ಎಂಬ ಯಂತ್ರಶಾಸ್ತ್ರಜ್ಞನೂ ಕೂಡಿ, ನಡುವಣ ಬಿಲ್ಲೆಯು ತಾನೇ ಜಾರಿ ಸರಿಯುವಂಥ ಮಂಡಿಯನ್ನು ರಚಿಸಿದರು. ವೈದ್ಯನೂ ಯಂತ್ರಶಾಸ್ತ್ರಜ್ಞನೂ ಒಂದೇ ಮೇಜಿನ ಬಳಿ ಕುಳಿತದ್ದರಿಂದ ಆದ ಕೆಲಸವಿದು. 1989ರಲ್ಲಿ ಕೊಜಿನ್, ಸ್ಕಾಟ್ ಎಂಬಿಬ್ಬರು ಯಾರಿಗೆ ಈ ಚಿಕಿತ್ಸೆ ತಕ್ಕುದೆಂದು ನಿಯಮಗಳನ್ನು ಹಾಕಿ, ಅರುವತ್ತಕ್ಕೆ ಮೇಲ್ಪಟ್ಟ ವಯಸ್ಸು, 82 ಕಿಲೋಗ್ರಾಮಿಗೆ ಮೀರದ ತೂಕ ಮೊದಲಾದುವನ್ನು ಗೊತ್ತುಮಾಡಿದರು. ಮುಂದಿನ ಅನುಭವದಿಂದ ಆ ನಿಯಮಗಳು ಸಡಿಲವಾದುವು. ಶಾಸ್ತ್ರವೆಂದರೆ ಕಲ್ಲಿನ ಮೇಲೆ ಬರೆದದ್ದೆಂದು ತಿಳಿದವರು ಇದನ್ನು ನೋಡತಕ್ಕುದು.

ಪ್ರಾಚೀನರು ಮಂಡಿಯ ಬೆಲೆಯನ್ನು ಅರಿಯದವರಲ್ಲ. ಸುಶ್ರುತನು ಜಾನುವನ್ನು ಮರ್ಮಸ್ಥಾನಗಳಲ್ಲಿ ಎಣಿಸಿ, ಪ್ರಾಣವನ್ನು ತೆಗೆಯುವ ಮರ್ಮಗಳ ಜೊತೆಗಲ್ಲ, ವೈಕಲ್ಯವನ್ನುಂಟುಮಾಡುವ ಮರ್ಮಗಳ ಜೊತೆಗೆ ಇರಿಸಿದನು. ಆ ವರ್ಗೀಕರಣದಲ್ಲಿ ವಿವೇಕವಿದೆ. ಮಂಡಿ ಕೆಟ್ಟವನು ಸಾಯುವುದಿಲ್ಲ. ಬದುಕಿನ ಅಳತೆ ಕುಗ್ಗುತ್ತದೆ. ಊರಿನಷ್ಟಿದ್ದುದು ಬೀದಿಯಷ್ಟಾಗಿ, ಬೀದಿಯಷ್ಟಿದ್ದುದು ಮನೆಯಷ್ಟಾಗಿ, ಕೊನೆಗೆ ಹಾಸಿಗೆಯಿಂದ ಬಚ್ಚಲಿಗೆ ಇರುವ ದೂರವೇ ಜಗತ್ತಾಗುತ್ತದೆ. ಇಂಥ ಕೇಡಿಗೆ ಮಾಡುವ ಚಿಕಿತ್ಸೆಯು ಪ್ರಾಣವನ್ನು ಉಳಿಸುವುದಕ್ಕಲ್ಲವಾದುದರಿಂದ, “ಮಾಡಿಸದಿದ್ದರೆ ಗತಿಯಿಲ್ಲ” ಎಂಬ ಮಾತು ಇಲ್ಲಿ ಸಲ್ಲುವುದಿಲ್ಲ. ಇದು ಬಯಕೆಯಿಂದ ಮಾಡಿಸಿಕೊಳ್ಳುವ ಚಿಕಿತ್ಸೆ. ಬಯಕೆಯಿಂದ ಹೊರಟ ಕಾರ್ಯದಲ್ಲಿ ಬಯಕೆಯನ್ನು ಪರೀಕ್ಷಿಸುವುದೇ ಮೊದಲ ಕೆಲಸ.

ತರ್ಕಶಾಸ್ತ್ರದಲ್ಲಿ ಪ್ರಧ್ವಂಸಾಭಾವವೆಂದು ಒಂದು ಪದಾರ್ಥವುಂಟು. ಮಡಕೆ ಒಡೆದ ಮೇಲೆ ಉಳಿಯುವ ಮಡಕೆಯ ಇಲ್ಲದಿರುವಿಕೆ ಅದು. ಅದಕ್ಕೆ ಆದಿಯುಂಟು, ಅಂತವಿಲ್ಲ. ಕುಂಬಾರನು ಇನ್ನೊಂದು ಮಡಕೆಯನ್ನು ಮಾಡಬಲ್ಲನಲ್ಲದೆ ಒಡೆದುದನ್ನೇ ಮತ್ತೆ ಹುಟ್ಟಿಸಲಾರನು. ಸವೆದುಹೋದ ಮೃದ್ವಸ್ಥಿಯ ಸಂಗತಿಯೂ ಇಂಥದೇ. ಲೋಹದ ಹೊದಿಕೆಯು ಅದರ ಸ್ಥಾನದಲ್ಲಿ ಕುಳಿತು ಅದರ ಕೆಲಸದಲ್ಲಿ ಬಹುಭಾಗವನ್ನು ಮಾಡುತ್ತದೆ, ಅದೇ ಆಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ಬಟ್ಟೆಯಿಂದ ಕೆಲವು ನೂಲುಗಳನ್ನು ತೆಗೆದರೆ ಹಳೆಯ ಬಟ್ಟೆ ಅಳಿದು ಖಂಡಪಟವೆಂಬ ಬೇರೊಂದು ಬಟ್ಟೆ ಹುಟ್ಟುವುದೆಂದು ನೈಯಾಯಿಕರು ಹೇಳುವರು. ಉಟ್ಟವಳಿಗೆ ಅದು ನಗೆಯ ಮಾತು. ಅವಳಿಗೆ ಅದು ಮದುವೆಯಲ್ಲಿ ಕೊಟ್ಟ ಅದೇ ಸೀರೆ. ಭಾಗಶಃ ಬದಲಿಸಿದ ಮಂಡಿಯಲ್ಲಿ ಎರಡು ಪಕ್ಷಗಳೂ ನಿಜವಾಗುತ್ತವೆ. ಸ್ವಂತ ಕಟ್ಟುಗಳು ಉಳಿದಿರುವುದರಿಂದ ಹೆಜ್ಜೆಯಿಡುವಾಗ “ಇದು ನನ್ನ ಮಂಡಿಯೇ” ಎಂಬ ಭಾವನೆ ಪೂರ್ತಿ ಬದಲಿಸಿದವರಿಗಿಂತ ಇಲ್ಲಿ ಹೆಚ್ಚು. ಆದರೂ ಎದ್ದು ನಿಂತಾಗ ಒಳಗಿನಿಂದ ಬರುವ ಸಣ್ಣ ‘ಟಿಕ್’ ಎಂಬ ಸದ್ದು ಹಳೆಯದಲ್ಲವೆಂದು ನೆನಪಿಸುತ್ತದೆ.

ಹಾಗಾದರೆ ಏನನ್ನು ನಿರೀಕ್ಷಿಸಬಹುದು? ಶಸ್ತ್ರಕ್ರಿಯೆಯ ದಿನವೇ ಅಥವಾ ಮಾರನೆಯ ದಿನ ಎಬ್ಬಿಸಿ ನಡೆಸುವರು. ಒಂದೆರಡು ದಿನಗಳಲ್ಲಿ ಮನೆಗೆ ಕಳುಹಿಸುವುದು ಸಾಮಾನ್ಯ. ಕೆಲವು ವಾರ ಊರುಗೋಲು ಬೇಕು. ಸುಮಾರು ಆರು ವಾರಗಳಿಗೆ ಮನೆಯ ಕೆಲಸಗಳಲ್ಲಿ ಬಹುಪಾಲು ಕೈಗೆ ಬರುವುವು. ಆದರೆ ಊತ, ಬಿಸಿ, ಬಿಗಿತಗಳು ತಿಂಗಳುಗಟ್ಟಲೆ ಇರಬಹುದು. ಪೂರ್ಣ ಫಲ ಕಾಣುವುದಕ್ಕೆ ವರ್ಷ ಹಿಡಿಯುವುದುಂಟು. ಗಾಯದ ಕಲೆಯ ಹೊರಮಗ್ಗುಲಲ್ಲಿ ಚರ್ಮವು ಅಂಗೈಯಷ್ಟಗಲ ಜೋಮು ಹಿಡಿದಂತಿರುವುದು ಸಾಧಾರಣ. ಮಂಡಿಯೂರಿ ಕುಳ್ಳಿರುವುದು ಅನೇಕರಿಗೆ ಆಗುವುದಿಲ್ಲ, ಆದರೂ ಹಿತವಾಗಿರುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಕೆಲವರಿಗೆ ಸಾಧ್ಯ, ಕೆಲವರಿಗೆ ಅಸಾಧ್ಯ. ವೈದ್ಯರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿಲ್ಲ. ನಂಜು ಸೇರುವುದು, ಕಾಲಿನ ರಕ್ತ ಹೆಪ್ಪುಗಟ್ಟುವುದು ಅಪರೂಪವಾದರೂ ಉಂಟು. ಬಿಲ್ಲೆ ಜಾರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮುಟ್ಟದೆ ಬಿಟ್ಟ ಅಂಕಣಗಳು ಮುಂದೆ ಎಂದಾದರೂ ತಾವೇ ಸವೆಯಬಹುದು. ವ್ಯಾಯಾಮ ಮಾತ್ರ ರೋಗಿಯದೇ. ಅದನ್ನು ಮಗನು ಹಣಕೊಟ್ಟು ಇನ್ನೊಬ್ಬರಿಂದ ಮಾಡಿಸಲಾರನು. ಖರ್ಚಿನ ವಿಷಯದಲ್ಲಿ ಹೇಳುವುದಾದರೆ, ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರದ ಬೆಲೆನಿಯಂತ್ರಣ ಪ್ರಾಧಿಕಾರವು 2017ರ ಆಗಸ್ಟಿನಲ್ಲಿ ಮಿತಿ ಹಾಕಿತು. ಒಂದೂವರೆ ಲಕ್ಷಕ್ಕೂ ಮೀರಿದ್ದ ಸಾಮಾನ್ಯ ಬಗೆಯ ಪೂರ್ತಿ ಮಂಡಿಗೆ ಆಗ 54,720 ರೂಪಾಯಿಗಳೆಂದು ಗೊತ್ತಾಯಿತು. ಲೋಹದ ಬೆಲೆ ಇಳಿಯಿತೆಂದ ಮಾತ್ರಕ್ಕೆ ಆಸ್ಪತ್ರೆಯ ಬಿಲ್ಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದಿಲ್ಲ. ಕೋಣೆ, ಕೈಚಳಕ, ಔಷಧಗಳಿಗೆ ಬೇರೆ ಲೆಕ್ಕ.

ಪೂರ್ತಿ ಬದಲಿಸುವುದು ಮೇಲೋ ಭಾಗಶಃ ಮೇಲೋ ಎಂಬ ಪ್ರಶ್ನೆಗೆ ಬ್ರಿಟನ್ನಿನ 528 ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ ಐದು ವರ್ಷ ನೋಡಿದ ಪರೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ನೋವು, ನಡಿಗೆಗಳ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಖರ್ಚಿನ ದೃಷ್ಟಿಯಿಂದ ಭಾಗಶಃ ಚಿಕಿತ್ಸೆಯೇ ಲಾಭವೆನಿಸಿತು. ಇತ್ತ ಪ್ರತಿಯೊಂದು ಕೃತಕ ಸಂಧಿಯ ಲೆಕ್ಕವನ್ನೂ 2003ರಿಂದ ಇಟ್ಟಿರುವ ಆ ದೇಶದ ದಾಖಲೆಯಲ್ಲಿ ಇನ್ನೊಂದು ಮುಖ ಕಾಣುತ್ತದೆ. ಹತ್ತು ವರ್ಷಗಳೊಳಗೆ ಮತ್ತೆ ಶಸ್ತ್ರಕ್ರಿಯೆಯಾಗುವುದು ಪೂರ್ತಿ ಬದಲಿಸಿದವರಲ್ಲಿ ನೂರಕ್ಕೆ ಮೂರು ನಾಲ್ಕಾದರೆ, ಭಾಗಶಃ ಬದಲಿಸಿದವರಲ್ಲಿ ಹತ್ತಕ್ಕೂ ತುಸು ಹೆಚ್ಚು. ಪ್ರಾಣಾಪಾಯ ಮೊದಲಾದ ದೊಡ್ಡ ತೊಡಕುಗಳು ಮಾತ್ರ ಭಾಗಶಃ ಚಿಕಿತ್ಸೆಯಲ್ಲಿ ಕಡಮೆ. ಮೂರರ ಪಕ್ಕದಲ್ಲಿ ಹತ್ತನ್ನು ನೋಡಿ ಬೆದರುವ ಮೊದಲು ಒಂದು ಮಾತನ್ನು ಯೋಚಿಸಬೇಕು. ಪೂರ್ತಿ ಬದಲಿಸಿದ ಮಂಡಿ ನೋಯುತ್ತಿದ್ದರೂ ಅದನ್ನು ಮತ್ತೆ ಬಿಚ್ಚುವುದು ಕಷ್ಟವಾದುದರಿಂದ ವೈದ್ಯರು ಹಿಂಜರಿಯುವರು. ಆ ನೋವು ಲೆಕ್ಕದ ಪುಸ್ತಕಕ್ಕೆ ಏರುವುದೇ ಇಲ್ಲ. ಭಾಗಶಃ ಬದಲಿಸಿದುದನ್ನು ಪೂರ್ತಿಯಾಗಿ ಮಾರ್ಪಡಿಸುವುದು ಅದಕ್ಕಿಂತ ಸುಲಭ. ಆದುದರಿಂದ ಬೇಗ ಮಾಡುವರು, ಲೆಕ್ಕಕ್ಕೆ ಬರುವುದು. ಬಾಗಿಲಿರುವ ಮನೆಯಿಂದ ಜನ ಹೊರಗೆ ಬಂದರೆಂದು ಬಾಗಿಲಿಲ್ಲದ ಮನೆಯೇ ಸುಖವಾದುದೆಂದು ಹೇಳಲಾಗುವುದೆ?

ಇಲ್ಲಿ ಇಬ್ಬರು ಪೂರ್ವಪಕ್ಷದವರು ಎದ್ದು ನಿಲ್ಲುವರು. ಮೊದಲನೆಯವನು ವೈರಾಗ್ಯದ ಕಡೆಯವನು. ನಿರೀಕ್ಷೆಯೇ ದುಃಖಕ್ಕೆ ಮೂಲ; ಕತ್ತಿಗೆ ಕಾಲನ್ನು ಒಪ್ಪಿಸಿದ ಮೇಲೆ ಫಲವನ್ನು ದೇವರಿಗೆ ಬಿಟ್ಟು ಏನನ್ನೂ ನಿರೀಕ್ಷಿಸದೆ ಇರತಕ್ಕದ್ದು ಎಂಬುದು ಅವನ ವಾದ. ಕೇಳುವುದಕ್ಕೆ ಗಂಭೀರವಾಗಿದೆ. ಆದರೆ ಏನನ್ನೂ ನಿರೀಕ್ಷಿಸದವನು ಶಸ್ತ್ರಕ್ರಿಯೆಗೆ ಹೋಗುವುದಾದರೂ ಏಕೆ? ನೋವು ತಗ್ಗಬಹುದೆಂಬ ಆಶೆಯಿಲ್ಲದೆ ಯಾರೂ ಮೈಯನ್ನು ಕೊಯ್ಯಿಸಿಕೊಳ್ಳರು. ಋಗ್ವೇದದಲ್ಲಿ ಅಶ್ವಿನೀದೇವತೆಗಳು ಯುದ್ಧದಲ್ಲಿ ಕಾಲನ್ನು ಕಳೆದುಕೊಂಡ ವಿಶ್ಪಲೆಗೆ ಲೋಹದ ಕಾಲನ್ನು ಕೂಡಿಸಿದರೆಂಬ ಪ್ರಸಂಗವುಂಟು. ಅವರು ಅದನ್ನು ಸುಮ್ಮನೆ ಕೊಡಲಿಲ್ಲ. ಗೊತ್ತುಮಾಡಿದ ಪಣಕ್ಕೆ ಅವಳು ಓಡಲೆಂದು ಕೊಟ್ಟರು. ದೇವವೈದ್ಯರೂ ಪ್ರಯೋಜನವನ್ನು ಹೆಸರಿಸಿಯೇ ಕಾಲನ್ನು ಕಟ್ಟಿದರು. ವೈರಾಗ್ಯವು ಫಲ ಬಾರದಿದ್ದಾಗ ಒದಗತಕ್ಕ ಬಲ. ಫಲವನ್ನು ವಿಚಾರಿಸದೆ ಇರುವುದಕ್ಕೆ ಅದನ್ನು ನೆಪಮಾಡಿಕೊಳ್ಳುವುದು ಸೋಮಾರಿತನ.

ಎರಡನೆಯ ವಾದಿ ಇವನಿಗಿಂತ ಬಲಶಾಲಿ. ಆಶೆಯೇ ಅರ್ಧ ಔಷಧವಾಗಿರುವಾಗ ವೈದ್ಯನೂ ಮಕ್ಕಳೂ ಅದನ್ನು ಹಿಗ್ಗಿಸಿ ಹೇಳಿದರೆ ತಪ್ಪೇನು ಎಂದು ಅವನು ಕೇಳುವನು. ಅವನ ಕೈಯಲ್ಲಿ ಒಂದು ಪ್ರಮಾಣವೂ ಇದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಮಂಡಿ ಸವೆದ 180 ಜನರನ್ನು ಮೂರು ಪಂಗಡ ಮಾಡಿ ನಡೆಸಿದ ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಒಂದು ಪಂಗಡಕ್ಕೆ ನಳಿಕೆಯ ಮೂಲಕ ಮಂಡಿಯೊಳಗಿನ ಸವೆದ ಚೂರುಗಳನ್ನು ಕೆರೆದು ತೆಗೆದರು. ಇನ್ನೊಂದಕ್ಕೆ ನೀರಿನಿಂದ ತೊಳೆದರು. ಮೂರನೆಯದಕ್ಕೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದು, ಮಾಡಿದಂತೆ ನಟಿಸಿದರು. ಎರಡು ವರ್ಷದವರೆಗೂ ಮೂವರ ಸ್ಥಿತಿಯಲ್ಲಿ ಭೇದ ಕಾಣಲಿಲ್ಲ. ಬರಿಯ ನಂಬಿಕೆಯಿಂದಲೇ ಇಷ್ಟಾಗುವುದಾದರೆ ನಂಬಿಸುವುದು ಪುಣ್ಯವಲ್ಲವೆ?

ಈ ಪ್ರಮಾಣವನ್ನು ತುಸು ಹತ್ತಿರದಿಂದ ನೋಡಬೇಕು. ಆ ರೋಗಿಗಳಿಗೆ ಯಾರೂ ಸುಳ್ಳು ಹೇಳಲಿಲ್ಲ. ತಮಗೆ ಬರಿಯ ನಟನೆಯ ಶಸ್ತ್ರಕ್ರಿಯೆಯೇ ಆಗಬಹುದು, ಆಗ ಸವೆದ ಮಂಡಿಗೆ ಅದರಿಂದ ಲಾಭವಿರದು ಎಂಬುದನ್ನು ಪ್ರತಿಯೊಬ್ಬರೂ ಮೊದಲೇ ಸ್ವಹಸ್ತದಿಂದ ಬರೆದುಕೊಡಬೇಕಾಗಿತ್ತು. ಸತ್ಯವನ್ನು ಕೇಳಿದ ಮೇಲೂ ಉಳಿದ ಆಶೆಯದು. ಸುಳ್ಳಿನಿಂದ ಹಿಗ್ಗಿಸಿದ ಆಶೆಯಲ್ಲ. ಹಿಗ್ಗಿಸಿದ ಆಶೆ ಏನು ಮಾಡುವುದೆಂಬುದಕ್ಕೆ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಪೂರ್ತಿ ಮಂಡಿಯನ್ನು ಬದಲಿಸಿದ 1,703 ಚಿಕಿತ್ಸೆಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ವರದಿ ಸಾಕ್ಷಿ. ಸುಮಾರು ಐವರಲ್ಲಿ ಒಬ್ಬರಿಗೆ ತೃಪ್ತಿಯಾಗಿರಲಿಲ್ಲ. ಅತೃಪ್ತಿಯ ಕಾರಣಗಳನ್ನು ಅರಸಿದಾಗ ಎಲ್ಲಕ್ಕಿಂತ ಮುಂದೆ ನಿಂತದ್ದು, ನಿರೀಕ್ಷಿಸಿದ್ದು ಈಡೇರಲಿಲ್ಲವೆಂಬುದು.

ಆದರೆ ಅತೃಪ್ತಿಗಿಂತಲೂ ದೊಡ್ಡ ಕೇಡು ಒಂದುಂಟು. ಅದು ಯಾವ ವರದಿಗೂ ಸಿಕ್ಕುವಂಥದಲ್ಲ. ಮೇಲೆ ಹೇಳಿದ ಮನೆಗೆ ಮತ್ತೆ ಹೋಗೋಣ. ಮಗನು ಸಾಲಮಾಡಿಯೋ ಕೂಡಿಟ್ಟುದನ್ನು ತೆಗೆದೋ ಚಿಕಿತ್ಸೆ ಮಾಡಿಸಿದನು. ರಜಾ ಹಾಕಿ ಆಸ್ಪತ್ರೆಯಲ್ಲಿ ಮಲಗಿದನು. ಆರು ತಿಂಗಳಾದ ಮೇಲೆ ಬಂಧುಗಳು ಕೇಳುವರು, “ಈಗ ಹೇಗಿದೆಯಮ್ಮ?” ಮಗನು ಪಕ್ಕದಲ್ಲಿಯೇ ನಿಂತಿರುವನು. ತಾಯಿಯು “ಚೆನ್ನಾಗಿದೆ, ಮೊದಲಿನ ಹಾಗೇ ಆಗಿದೆ” ಎನ್ನುವಳು. ಸಂಜೆಯಾದರೆ ಊತ ಬರುವುದನ್ನು ಸೀರೆಯ ಅಂಚಿನಲ್ಲಿ ಮುಚ್ಚುವಳು. ಮುಂದಿನ ತಪಾಸಣೆಗೆ ಹೋದಾಗ ವೈದ್ಯನಿಗೂ ಅದೇ ಮಾತನ್ನು ಹೇಳುವಳು, ಏಕೆಂದರೆ ಅಲ್ಲಿಯೂ ಮಗನಿರುವನು. ಅವಳು ಸ್ವಭಾವದಿಂದ ಸುಳ್ಳುಗಾರಳಲ್ಲ. ಮಗನ ಋಣವನ್ನು ನೋವಿನ ಮಾತಿನಿಂದ ಹಗುರಮಾಡಬಾರದೆಂಬ ಪ್ರೀತಿಯೇ ಅವಳ ಬಾಯನ್ನು ಕಟ್ಟಿದೆ. ಮೊದಲು ಅತಿಯಾದ ಆಶೆಯನ್ನು ಕೊಟ್ಟವರು ಅವಳಿಂದ ಆಮೇಲೆ ಸತ್ಯ ನುಡಿಯುವ ಸ್ವಾತಂತ್ರ್ಯವನ್ನು ಕಸಿದುಕೊಂಡರು. ಚಿಕಿತ್ಸೆಗೆ ಮುಂಚೆ “ಊತ ತಿಂಗಳುಗಟ್ಟಲೆ ಇರುವುದು, ನೆಲದ ಮೇಲೆ ಕೂರುವುದು ಆಗಬಹುದು ಆಗದಿರಬಹುದು” ಎಂದು ಎಲ್ಲರ ಮುಂದೆ ಒಮ್ಮೆ ಆಡಿಬಿಟ್ಟಿದ್ದರೆ, ಊತವನ್ನು ತೋರಿಸುವುದು ಕೃತಘ್ನತೆಯಾಗುತ್ತಿರಲಿಲ್ಲ. ಮಗನ ಪಾಡೂ ಮರುಕಕ್ಕೆ ತಕ್ಕುದೇ. ಊರಿನಲ್ಲಿ ತಾಯಿ ಒಬ್ಬಳೇ ಇದ್ದ ವರ್ಷಗಳ ಪಶ್ಚಾತ್ತಾಪಕ್ಕೆ ಈ ಒಂದು ಚಿಕಿತ್ಸೆಯಿಂದ ಪ್ರಾಯಶ್ಚಿತ್ತವಾಗಲೆಂದು ಅವನು ಹಾರೈಸಿರುವನು. ಅಷ್ಟು ಭಾರವನ್ನು ಹೊರುವುದಕ್ಕೆ ಯಾವ ಲೋಹಕ್ಕೂ ಶಕ್ತಿಯಿಲ್ಲ.

ಪೀಣ್ಯದ ಕಾರ್ಮಿಕನ ಲೆಕ್ಕ ಬೇರೆ. ಸಣ್ಣ ಕಾರ್ಖಾನೆಯ ಸಿಮೆಂಟು ನೆಲದ ಮೇಲೆ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವನಿಗೆ ಈ ಚಿಕಿತ್ಸೆಯನ್ನು ವಿವರಿಸಬೇಕಾದದ್ದೇ ಇಲ್ಲ. ಸವೆದ ಬುಷ್ಷನ್ನು ಬದಲಿಸುವುದಕ್ಕೆ ಇಡೀ ಯಂತ್ರವನ್ನು ಯಾರೂ ಎಸೆಯರೆಂಬುದು ಅವನ ನಿತ್ಯಾನುಭವ. ಬೇರಿಂಗು, ತೇಮಾನ, ಕೂದಲೆಳೆಯಷ್ಟರ ಅಳತೆ ಇವನ್ನೆಲ್ಲ ಅವನು ವೈದ್ಯನಷ್ಟೇ ಚೆನ್ನಾಗಿ ಬಲ್ಲನು. ಆದರೆ ಈ ಹೋಲಿಕೆಯೇ ಅವನನ್ನು ದಾರಿತಪ್ಪಿಸುವುದುಂಟು. ಬುಷ್ಷು ಹಾಕಿದ ಯಂತ್ರವನ್ನು ಮಾರನೆಯ ದಿನ ಪೂರ್ತಿ ಭಾರಕ್ಕೆ ಓಡಿಸಬಹುದು. ಮಂಡಿಯ ಸುತ್ತ ಇರುವ ಮಾಂಸಖಂಡ ಬಲಗೊಳ್ಳದೆ ಲೋಹವು ಒಂದಡಿಯೂ ನಡೆಯದು. ಅದಕ್ಕಿಂತಲೂ ಕಠಿನವಾದದ್ದು ಮುಂದಿನ ಪ್ರಶ್ನೆ. ತಾಯಿಗೆ ರಂಗೋಲಿ ಬೇಕು. ಇವನಿಗೆ ದಿನಕ್ಕೆ ಎಂಟು ಗಂಟೆ ನಿಲ್ಲುವ ಶಕ್ತಿ ಬೇಕು, ಇಲ್ಲವಾದರೆ ಸಂಬಳವಿಲ್ಲ. ಸುಮ್ಮನೆ ನಿಂತಿರುವುದಕ್ಕೂ ಭಾರವನ್ನು ಎತ್ತಿ ತಿರುಗುವುದಕ್ಕೂ ಬಗ್ಗಿ ಏಳುವುದಕ್ಕೂ ಅಂತರವುಂಟು. ಇವನ ಕೆಲಸದಲ್ಲಿ ಮೂರೂ ಕೂಡಿವೆ. ಯಾವ ವಾರದಿಂದ ಯಾವುದನ್ನು ಮಾಡಬಹುದು, ಯಾವುದನ್ನು ಎಂದಿಗೂ ಬಿಡುವುದು ಮೇಲು ಎಂಬುದನ್ನು ಬಿಡಿಸಿ ಹೇಳದೆ “ಆರು ವಾರ” ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ, ಅವನು ಆ ಮಾತನ್ನು ನೆಚ್ಚಿ ಮಾಲೀಕನಿಗೆ ಮಾತುಕೊಟ್ಟಿರುವನು. ತಪ್ಪಿದಾಗ ಹೋಗುವುದು ಅವನ ಜಾಗ. ಆದುದರಿಂದ ಒಂದೇ ಚಿಕಿತ್ಸೆಗೆ ಒಂದೇ ಆಶ್ವಾಸನೆಯನ್ನು ಎಲ್ಲರಿಗೂ ಹಂಚುವ ವೈದ್ಯನು ಸತ್ಯವನ್ನೇ ಹೇಳಿದರೂ ಅನ್ಯಾಯ ಮಾಡಿದಂತಾಗುವುದು.

ಭಾಗಶಃ ಚಿಕಿತ್ಸೆಯಲ್ಲಿ ಇನ್ನೊಂದು ವಿಶೇಷವಿದೆ. ಧರ್ಮವಿಚಾರಕ್ಕೆ ಅದೇ ಬಹಳ ಸೂಕ್ಷ್ಮವಾದದ್ದು. ಚಿತ್ರಗಳಲ್ಲಿ ಹೊರ ಅಂಕಣವು ನೆಟ್ಟಗೆ ಕಂಡರೂ, ಮಂಡಿಯನ್ನು ತೆರೆದು ನೋಡಿದಾಗ ಕೆಟ್ಟಿರುವುದು ಒಮ್ಮೊಮ್ಮೆ ಗೊತ್ತಾಗುವುದು. ಆಗ ಪೂರ್ತಿ ಬದಲಿಸಬೇಕೆ ಎಂಬ ನಿರ್ಣಯ ಆಗಬೇಕಾದದ್ದು ರೋಗಿಯು ಎಚ್ಚರವಿಲ್ಲದೆ ಅಥವಾ ಮಂಪರಿನಲ್ಲಿರುವ ಗಳಿಗೆಯಲ್ಲಿ. ಬಾಗಿಲ ಹೊರಗೆ ಕಾದಿರುವ ಮಗನನ್ನು ಕೇಳಿದರೆ ಸಾಲದೆ? ಸಾಲದು. ಸಮೀರಾ ಕೊಹ್ಲಿಯವರ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2008ರ ಜನವರಿಯಲ್ಲಿ ಈ ವಿಷಯವನ್ನು ಸ್ಪಷ್ಟಮಾಡಿತು. ಅಲ್ಲಿ ಪರೀಕ್ಷೆಗೆಂದು ಮಂಪರು ಕೊಟ್ಟ ಮೇಲೆ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಕ್ರಿಯೆಯನ್ನು ನಡೆಸಲಾಗಿತ್ತು. ವಯಸ್ಸಿಗೆ ಬಂದು ತಿಳಿವಳಿಕೆಯುಳ್ಳ ರೋಗಿಯ ಪರವಾಗಿ, ಪ್ರಾಣಕ್ಕೆ ಒಡನೆಯೇ ಅಪಾಯವಿಲ್ಲದಿರುವಾಗ, ಇನ್ನೊಬ್ಬರು ಒಪ್ಪಲಾಗದು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಒಪ್ಪಿಗೆಯಾಗದು ಎಂಬುದು ಆ ತೀರ್ಪಿನ ಸಾರ. ಆದಕಾರಣ “ತೆರೆದ ಮೇಲೆ ಹೀಗೆ ಕಂಡರೆ ಹೀಗೆ, ಹಾಗೆ ಕಂಡರೆ ಹಾಗೆ” ಎಂದು ಎರಡು ದಾರಿಗಳನ್ನೂ ಮೊದಲೇ ರೋಗಿಯ ಮುಂದಿಟ್ಟು ಅವಳ ಒಪ್ಪಿಗೆಯನ್ನೇ ಪಡೆಯತಕ್ಕುದು. ಇಲ್ಲಿನ ಮನೆಗಳಲ್ಲಿ ಹಿರಿಯರ ಪರವಾಗಿ ಮಕ್ಕಳೇ ಮಾತಾಡುವುದು, ಅದರಲ್ಲಿಯೂ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸುವುದು ಗೌರವವೆಂದೇ ಎಣಿಕೆಯಾಗಿದೆ. ಮಂಡಿ ಯಾರದೋ ಅವರಿಗೆ ತಿಳಿಯದ ಭಾಷೆಯಲ್ಲಿ ಅದರ ಭವಿಷ್ಯ ನಿಶ್ಚಯವಾಗುವುದನ್ನು ಗೌರವವೆನ್ನುವುದು ಹೇಗೆ?

ಕಾಡುಗೋಡಿಯ ಆ ತಾಯಿ ಎರಡನೆಯ ಸಲ ವೈದ್ಯರನ್ನು ಕಾಣಲು ಹೋಗುವ ಮುನ್ನ, ಕೇಳಬೇಕಾದುದನ್ನು ಮೊಮ್ಮಗಳ ಕೈಯಲ್ಲಿ ಬರೆಯಿಸಿಕೊಂಡಳೆಂದು ಇಟ್ಟುಕೊಳ್ಳೋಣ. ಮಗನು ಬಾಯಿ ತೆರೆಯುವ ಮೊದಲೇ ಅವಳು ಚೀಟಿಯನ್ನು ಬಿಚ್ಚಿದಳು. ರಾತ್ರಿ ನಿದ್ದೆ ಬರುವುದೆ? ಬಹುಮಟ್ಟಿಗೆ ಬರುವುದು ಎಂದರು ವೈದ್ಯರು. ರೈಲಿನ ಮೆಟ್ಟಿಲು? ಕಂಬಿ ಹಿಡಿದು ಹತ್ತಬಹುದು. ಮೊದಲ ಎರಡು ಮೂರು ತಿಂಗಳು ಲಿಫ್ಟೇ ಮೇಲು. ಊರಿನ ಮನೆಯ ಹಳೆಯ ಕಾಲದ ಪಾಯಖಾನೆ? ಅಲ್ಲಿ ಕುರ್ಚಿಯಂಥದೊಂದನ್ನು ಕೂಡಿಸಬೇಕು. ಇನ್ನೊಂದು ಮಂಡಿಯೂ ಹೀಗೆಯೇ ಆಗುವುದೆ? ಆಗಬಹುದು. ತೆರೆದಾಗ ಎಲ್ಲವೂ ಕೆಟ್ಟಿದ್ದರೆ? ಆಗ ಪೂರ್ತಿ ಬದಲಿಸಬೇಕಾಗುವುದು. ಅದಕ್ಕೂ ಈಗಲೇ ನೀವು ಹೌದು ಅಥವಾ ಅಲ್ಲ ಎನ್ನಬೇಕು. ಕೊನೆಯ ಪ್ರಶ್ನೆ ರಂಗೋಲಿಯದು. ವೈದ್ಯರು ತುಸು ಯೋಚಿಸಿ, “ಅಮ್ಮಾ, ಕೆಲವರು ಕೆಳಗೆ ಕೂರುತ್ತಾರೆ. ನೀವು ಕೂರುವಿರೆಂದು ನಾನು ಮಾತು ಕೊಡಲಾರೆ” ಎಂದರು.

ಮಗನ ಮುಖ ಸಣ್ಣದಾಯಿತು. ತಾಯಿ ಮಾತ್ರ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟುಹಾಕಿಕೊಂಡು, “ಇಷ್ಟಾದರೆ ಸಾಕಪ್ಪ. ಹೊಸ್ತಿಲಿಗೆ ಒಂದು ಮಣೆ ಮಾಡಿಸು, ಗೇಣಿಗಿಂತ ಸ್ವಲ್ಪ ಎತ್ತರ ಇರಲಿ” ಎಂದಳು. ಆ ಭಾನುವಾರ ಬಡಗಿ ಬಂದಾಗ ಮಗನು ಅವಳನ್ನು ಗೋಡೆಯ ಪಕ್ಕದಲ್ಲಿ ನಿಲ್ಲಿಸಿ, ನೆಲದಿಂದ ಮಂಡಿಯವರೆಗೆ ಟೇಪು ಹಿಡಿದು ಅಳೆದನು.